ಒಂದೇ ಕೈಯ ಹೊಲಿಗೆ

ಹಾಳೆಗಳ ಹನ್ನೊಂದನೆಯ ಮಡಿಕೆಯ ಹತ್ತಿರ ತಂಗಿಯ ಸೂಜಿ ಮತ್ತೆ ನಿಂತಿತು. ಅರ್ಧ ಹೊಲಿದ ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟು, ಎಡಗೈಯಿಂದ ಬಲಗೈ ಬೆರಳುಗಳ ಬುಡವನ್ನು ಒಂದೊಂದಾಗಿ ಅದುಮಿ ನೋಡಿಕೊಂಡಳು. ನೋವಿಲ್ಲ. ನಂಬಿಕೆ ಬಾರದೆ ಇನ್ನೊಮ್ಮೆ ಗಟ್ಟಿಯಾಗಿ ಅದುಮಿದಳು. ಈಗ ನೋವಾಯಿತು. ಅಷ್ಟು ಅದುಮಿದರೆ ಯಾರಿಗೆ ತಾನೇ ನೋಯುವುದಿಲ್ಲ?

ಮೂರು ವಾರದಿಂದ ಇದೇ ಆಗಿದೆ. ಅಕ್ಕನ ಸಂಧಿವಾತಕ್ಕೆ ಔಷಧಿ ಕೊಡುವ ಡಾಕ್ಟರು, ರೋಗಿಗಳ ಒಡಹುಟ್ಟಿದವರ ರಕ್ತವನ್ನೂ ನೋಡುತ್ತಿದ್ದೇವೆ, ನೀವೂ ಕೊಟ್ಟು ಹೋಗಿ ಎಂದಿದ್ದರು. ಕೊಟ್ಟಳು. ಕಾಯಿಲೆ ಇಲ್ಲ, ಆದರೆ ಅದರ ಪ್ರತಿಕಾಯಗಳು ರಕ್ತದಲ್ಲಿವೆ ಎಂದು ಬಂತು. ಮನೆ ಕಾಯಬೇಕಾದವರೇ ಒಳಗೊಳಗೆ ಕೀಲುಗಳ ಮೇಲೆ ಕಣ್ಣಿಟ್ಟ ಹಾಗೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬರಬಹುದು, ಬಾರದೆಯೂ ಇರಬಹುದು. ಬಂದರೆ ಮುಂದಿನ ವರ್ಷಕ್ಕೋ ಹತ್ತು ವರ್ಷಕ್ಕೋ ಹೇಳಲಾರೆ. ಬೆಳಿಗ್ಗೆ ಬೆರಳುಗಳು ಅರ್ಧ ಗಂಟೆ ಮೀರಿ ಬಿಗಿದುಕೊಂಡಿದ್ದರೆ ತಡಮಾಡದೆ ಬನ್ನಿ.

ಅಂದಿನಿಂದ ಕಣ್ಣು ಬಿಟ್ಟೊಡನೆ ಗಡಿಯಾರ ನೋಡುತ್ತ ಮುಷ್ಟಿ ಬಿಗಿಯುವುದು, ಬಿಡುವುದು. ಯಾರ ಮೇಲೆ ಗುದ್ದಾಟಕ್ಕೆ ತಯಾರಿ ಎಂದು ಗಂಡ ನಗುತ್ತಾನೆ. ಅವನಿಗೂ ಹೇಳಿಲ್ಲ. ಅಕ್ಕನಿಗಂತೂ, ಏನೂ ಇಲ್ಲವಂತೆ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೇ ಹೇಳಿ ಮುಗಿಸಿದ್ದಳು. ಅಕ್ಕ ಅಲ್ಲೇ ಕೂತುಬಿಟ್ಟು, ಸದ್ಯ, ನನ್ನೊಬ್ಬಳಿಗೇ ಮುಗೀತಲ್ಲ ಎಂದು ಕಣ್ಣೊರೆಸಿಕೊಂಡಿದ್ದಳು.

ಬೈಂಡಿಂಗ್ ಅಂಗಡಿ ಅಕ್ಕನದು. ಇಪ್ಪತ್ತು ವರ್ಷ ಪುಸ್ತಕ ಕಟ್ಟಿದ ಅವಳ ಬೆರಳುಗಳು ಈಗ ಮಾತು ಬಿಟ್ಟ ಓರಗಿತ್ತಿಯರಂತೆ ಒಂದೊಂದು ದಿಕ್ಕಿಗೆ ತಿರುಗಿ ಕೂತಿವೆ. ಗಿರಾಕಿಗಳ ಜತೆ ಮಾತು ಅವಳದು, ಹೊಲಿಗೆ ತಂಗಿಯದು. ಇವತ್ತು ಬೆಳಿಗ್ಗೆ ದಾಖಲೆ ಕಚೇರಿಯ ಅಧಿಕಾರಿ ಬಂದಿದ್ದರು. ಜನನ ಮರಣದ ಹಳೆಯ ರಿಜಿಸ್ಟರುಗಳು, ಆರುನೂರು ಸಂಪುಟ, ಎಲ್ಲವನ್ನೂ ಬಿಚ್ಚಿ ಕೈಯಲ್ಲೇ ಹೊಲಿಯಬೇಕು, ಐದು ವರ್ಷದ ಕೆಲಸ. ಹಿಂದಿನ ಸಲ ನಡುವೆ ಕೈ ಬದಲಾಗಿ ಕೆಲಸ ಕೆಟ್ಟಿತ್ತು. ಈ ಸಲ ಕೊನೆಯವರೆಗೂ ಒಂದೇ ಕೈ ಇರಲಿ ಎಂದರು. ಸಂಜೆಯೊಳಗೆ ಒಪ್ಪಿಗೆ ಪತ್ರ ಬೇಕು. ಅಕ್ಕ ಅವರ ಮುಂದೆಯೇ ತಂಗಿಯ ಕೈಯನ್ನು ಎತ್ತಿ ಹಿಡಿದು, "ಈ ಕೈ ನೋಡಿ ಸಾರ್. ಐದಲ್ಲ, ಹದಿನೈದು ವರ್ಷ ಅಲ್ಲಾಡಲ್ಲ" ಎಂದಿದ್ದಳು, ಹಸು ಮಾರುವವಳು ಹಲ್ಲು ತೋರಿಸುವ ಹಾಗೆ.

"ಆಗಿನಿಂದ ಮುಖ ಯಾಕೆ ಹಾಗಿದೆ? ಕೆಲಸ ಬೇಡ್ವೇನೆ?" ಅಕ್ಕ ಕೇಳಿದಳು.

"ಅಕ್ಕಾ, ನಿನ್ನ ಕೈ ಹೀಗಾಗುತ್ತೆ ಅಂತ ಮೊದಲೇ ಗೊತ್ತಾಗಿದ್ರೆ ಏನು ಮಾಡ್ತಿದ್ದೆ?"

"ನಾಲ್ಕು ದಿನ ಅಳ್ತಿದ್ದೆ. ಐದನೇ ದಿನ ಹೊಲಿಯೋಕೆ ಕೂರ್ತಿದ್ದೆ. ಮತ್ತೇನು, ಯಾವತ್ತೋ ಬರೋ ಮಳೆಗೆ ಇವತ್ತೇ ಕೊಡೆ ಬಿಚ್ಕೊಂಡು ಮಲಗ್ಲಾ?" ಅಕ್ಕ ನಕ್ಕಳು. ತನ್ನ ಬೆರಳುಗಳನ್ನು ನೋಡಿಕೊಂಡು, ನಗದೆ, "ಕಷ್ಟದ್ದನ್ನೆಲ್ಲ ಆಮೇಲೆ ನಿಧಾನವಾಗಿ ಮಾಡೋಣ ಅಂತ ಎತ್ತಿಟ್ಟೆ ನೋಡು. ಅದೊಂದು ಮಾಡ್ತಿರಲಿಲ್ಲ" ಎಂದಳು.

ತಂಗಿ ಕಾಗದ ಎಳೆದುಕೊಂಡಳು. ಅಕ್ಕ ಹೇಳುತ್ತ ಹೋದಳು, ಇವಳು ಬರೆಯುತ್ತ ಹೋದಳು: ಕೆಲಸಕ್ಕೆ ಒಪ್ಪಿದ್ದೇವೆ, ವರ್ಷಕ್ಕೆ ನೂರಿಪ್ಪತ್ತು ಸಂಪುಟ. ಯಾವುದನ್ನು ಮೊದಲು ಕಳಿಸಬೇಕೆಂದು ಕಚೇರಿ ಕೇಳಿತ್ತು. ಅದಕ್ಕೆ ಅಕ್ಕನ ಹತ್ತಿರ ಹಳೆಯ ಪದ್ಧತಿಯೇ ಇತ್ತು: ಗಟ್ಟಿ ಇರುವವು ಮೊದಲು ಬರಲಿ, ಕೈ ಕುದುರಲಿ, ಗೆದ್ದಲು ತಿಂದದ್ದು, ನೀರು ಕುಡಿದದ್ದು ಕೊನೆಯ ವರ್ಷಕ್ಕಿರಲಿ.

ಪೆನ್ನು ಒಂದು ಗಳಿಗೆ ನಿಂತಿತು. ಗಟ್ಟಿ ಇರುವುದನ್ನು, ನಡುವೆ ತನ್ನ ಕೈ ನಿಂತರೆ, ಯಾವ ಕೈಯಾದರೂ ಹೊಲಿದೀತು. ತಂಗಿ ಬರೆದಳು: ಗೆದ್ದಲು ತಿಂದವನ್ನು ಮೊದಲು ಕಳಿಸಿ.

"ಬರೆದ್ಯಾ?"

"ಹೂಂ."

ಅಕ್ಕ ಓದುವ ಗೋಜಿಗೆ ಹೋಗಲಿಲ್ಲ. ಪೆನ್ನನ್ನು ಎರಡು ಬೆರಳ ಸಂದಿಗೆ ಸಿಕ್ಕಿಸಿಕೊಂಡು, ತುಟಿ ಕಚ್ಚಿ, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಎಳೆಯತೊಡಗಿದಳು. ಕಾಗದ ಜಾರದ ಹಾಗೆ ತಂಗಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.