ಕುಕ್ಕರಿನ ಮೂರನೆಯ ಕೂಗು

2023ರ ಮಾರ್ಚ್ 9, ಗುರುವಾರ, ಬೆಳಿಗ್ಗೆ 11.40. ಮೂರು ವರ್ಷದಿಂದ ಮನೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದ ಧನಪಾಲನಿಗೆ ಕಂಪನಿ ಒಬ್ಬ ಆಪ್ತಸಲಹೆಗಾರ್ತಿಯನ್ನು ಗೊತ್ತುಮಾಡಿತ್ತು. ಅವರೂ ತಮ್ಮ ಮನೆಯಿಂದಲೇ ಪರದೆಯ ಮೇಲೆ ಬಂದರು.

“ಮೇಡಂ, ಎದುರಿಗೆ ಕೂತು ಮಾತಾಡೋಕೆ ಒಬ್ಬರೂ ಇಲ್ಲ. ಮೊನ್ನೆ ಫ್ರಿಜ್ಜಿಗೆ ಗುಡ್ ಮಾರ್ನಿಂಗ್ ಹೇಳಿಬಿಟ್ಟೆ.”

“ಅದು ತಿರುಗಿ ಹೇಳಲಿಲ್ಲ ತಾನೆ? ಹಾಗಿದ್ರೆ ಗಾಬರಿ ಬೇಡ. ಅಕ್ಕಪಕ್ಕದವರ ಹತ್ರ ಮಾತಾಡಿ. ಧೈರ್ಯ ಮಾಡಿ ನೀವೇ ಹೋಗಿ ಬಾಗಿಲು ತಟ್ಟಿ.”

“ಪಕ್ಕದ ಫ್ಲ್ಯಾಟಿನಲ್ಲಿ ಯಾರಿದ್ದಾರೆ ಅಂತಾನೇ ಗೊತ್ತಿಲ್ಲ ಮೇಡಂ.”

ಅಷ್ಟರಲ್ಲಿ ಹೆಡ್‌ಫೋನಿನಲ್ಲಿ ಆಪ್ತಸಲಹೆಗಾರ್ತಿಯ ಅಡುಗೆಮನೆಯ ಕುಕ್ಕರ್ ಎರಡು ಸಲ ಕೂಗಿತು. ಧನಪಾಲ ಅನುಮಾನದಿಂದ ಹೆಡ್‌ಫೋನ್ ತೆಗೆದ. ಮೂರನೆಯ ಕೂಗು ಮೇಜಿನ ಹಿಂದಿನ ಗೋಡೆಯ ಆಚೆಯಿಂದ ಸ್ಪಷ್ಟವಾಗಿ ಕೇಳಿಸಿತು. ಅವನ ಎದೆ ಹಿಗ್ಗಿತು. ಹೆಡ್‌ಫೋನ್ ಮತ್ತೆ ಹಾಕಿಕೊಂಡು, ಕೈ ಚಾಚಿ ಗೋಡೆಯನ್ನು ಮೂರು ಸಲ ತಟ್ಟಿದ.

ಪರದೆಯ ಮೇಲೆ ಅವರು ಹಿಂತಿರುಗಿ ನೋಡಿ ಮುಖ ಸಿಂಡರಿಸಿದರು.

“ಕ್ಷಮಿಸಿ, ಪಕ್ಕದ ಮನೆಯವರ ಕಾಟ. ಒಳಗಿನ ರೂಮಿಗೆ ಹೋಗ್ತೀನಿ, ಅಲ್ಲಿ ಯಾರ ಸದ್ದೂ ಕೇಳಲ್ಲ. ಹಾಂ, ಹೇಳಿ, ಬಾಗಿಲು ತಟ್ಟೋಕೆ ನಿಮಗೇನು ಭಯ?”

ಗೋಡೆಯ ದಪ್ಪ ನಾಲ್ಕೂವರೆ ಇಂಚು.