ಬಿಳಿ ಗೆರೆಯ ಕಲ್ಲು

ಅಗ್ನಿಪರ್ವತದ ಆ ದ್ವೀಪದ ಕಡಲತೀರದಲ್ಲಿ ಮರಳೂ ಕಪ್ಪು, ಕಲ್ಲೂ ಕಪ್ಪು. ಬಿಳಿ ಗೆರೆ ಇದ್ದ ಒಂದೇ ಒಂದು ಕಲ್ಲನ್ನು ಅವಳು ಹೆಕ್ಕಿಕೊಂಡಳು. ಅಂಗೈಯಲ್ಲಿ ಬೆಚ್ಚಗಿತ್ತು.

"ಬೇಡ ಮೇಡಂ," ಎಂದ ಟೂರ್ ಮ್ಯಾನೇಜರ್. "ಇಲ್ಲಿನ ಕಲ್ಲು ಯಾರ ಸಾಮಾನಿನ ಜೊತೆ ಹೋಗುತ್ತೋ, ಅವರು ವರ್ಷ ತುಂಬೋದ್ರೊಳಗೆ ಸಾಯ್ತಾರೆ ಅಂತಾರೆ ಈ ಊರಿನೋರು."

ಅವಳು ನಕ್ಕಳು. ಬಂದಾಗಿನಿಂದ ಫೋನಿನಿಂದ ತಲೆ ಎತ್ತದಿದ್ದ ಗಂಡ ಈಗ ಎತ್ತಿದ. ಕಲ್ಲನ್ನು ಕಸಿದುಕೊಂಡು, ಅಷ್ಟು ಜನರ ಎದುರೇ ಅವಳಿಗೆ ಮೂರು ಸುತ್ತು ನಿವಾಳಿಸಿದ.

"ಏನ್ರೀ ಇದು, ಎಲ್ಲರೂ ನೋಡ್ತಿದಾರೆ!"

"ನೋಡ್ಲಿ ಬಿಡು. ನಿಂಗೇನಾದ್ರೂ ಆದ್ರೆ? ನಾನು ಇದನ್ನ ನೀರಿಗೆ ಎಸೆದು ಬರ್ತೀನಿ. ನೀನು ಬಸ್ಸಿಗೆ ನಡಿ. ತಿರುಗಿ ನೋಡ್ಬೇಡ, ನಿವಾಳಿಸಿದ್ದನ್ನ ಎಸೆಯುವಾಗ ನೋಡ್ಬಾರ್ದು."

ಅವಳು ತಿರುಗಿ ನೋಡಲಿಲ್ಲ. ಬೆನ್ನ ಹಿಂದೆ ನೀರಿಗೆ ಏನೋ ಬಿದ್ದ ಸದ್ದು ಕೇಳಿಸಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ, ಇವನಿಗೆ ತಾನು ಬೇಕು ಅನ್ನಿಸಿ ಕಣ್ಣು ತುಂಬಿತು.

ಊರಿಗೆ ಬಂದು ತನ್ನ ಸೂಟ್‌ಕೇಸ್ ಬಿಚ್ಚಿದಳು. ಸೀರೆಯ ಮಡಿಕೆಯೊಳಗೆ, ಅವನ ಕರ್ಚೀಫಿನಲ್ಲಿ ಸುತ್ತಿದ್ದ ಬಿಳಿ ಗೆರೆಯ ಕಲ್ಲಿತ್ತು.