ಮೂಡದ ಕುಳಿ

ಗಂಡ ಮಾದೇವನ ದೋಣಿ ಕಡಲಿನಿಂದ ಮರಳದೆ ಹನ್ನೊಂದನೇ ದಿನ, ಊರಿನ ಪದ್ಧತಿಯಂತೆ ಕಣ್ಣು ನೋಡುವ ಸುಬ್ರಾಯ ಭೂತಗನ್ನಡಿ ಹಿಡಿದು ನಾಗವೇಣಿಯ ಜಗಲಿಗೆ ಬಂದ. ಪ್ರೀತಿಸಿದವರು ಸತ್ತರೆ ಪಾಪೆಯ ಸುತ್ತಲಿನ ಕಂದು ಬಳೆಯಲ್ಲೊಂದು ಕುಳಿ ಬೀಳುತ್ತದೆ, ಅದರ ನೇರಕ್ಕೆ ಕಣ್ಣಿನ ಹಿಂಗೋಡೆಯ ಮೇಲೆ ಸತ್ತವರ ಮುಖ ಅಚ್ಚಾಗಿರುತ್ತದೆ ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಕುಳಿ ಕಂಡ ಮೇಲೆಯೇ ಕ್ರಿಯಾಕರ್ಮ.

ಸುಬ್ರಾಯ ಎರಡೂ ಕಣ್ಣು ನೋಡಿದ. ಗಾಜು ಒರೆಸಿಕೊಂಡು ಮತ್ತೆ ನೋಡಿದ.

“ಅಪ್ಪನದ್ದು ಉಂಟು, ಅಜ್ಜಿಯದ್ದು ಉಂಟು. ಹೊಸದು ಎಂತದೂ ಇಲ್ಲ, ತಂಗಿ.”

ಜಗಲಿಯ ತುಂಬ ಗುಸುಗುಸು ಎದ್ದಿತು. ನಾಗವೇಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಗಾದರೆ ಮಾದೇವ ಎಲ್ಲೋ ಬದುಕಿದ್ದಾನೆಯೇ? ಅಥವಾ ಹದಿನಾಲ್ಕು ವರ್ಷ ಅವನಿಗೆ ಬಂಗಡೆ ಸಾರು ಬಡಿಸಿದ್ದು, ಅವನೊಡನೆ ಜಗಳವಾಡಿದ್ದು, ಬಲೆ ಹೆಣೆಯುತ್ತ ಕಾದಿದ್ದು, ಇದ್ಯಾವುದೂ ಪ್ರೀತಿಯೇ ಅಲ್ಲವೇ? ಮೊದಲನೆಯದನ್ನು ನಂಬಲು ಧೈರ್ಯವಿಲ್ಲ, ಎರಡನೆಯದನ್ನು ನಂಬಲು ಮನಸ್ಸಿಲ್ಲ.

ಮನೆಯಲ್ಲಿ ಇನ್ನೊಂದು ಜೊತೆ ಕಣ್ಣಿತ್ತು. ಮಾದೇವನ ತಾಯಿ ದುರ್ಗಮ್ಮ ಒಂಬತ್ತು ದಿನದಿಂದ ತಲೆ ಎತ್ತಿರಲಿಲ್ಲ. ಒಲೆಯ ಹೊಗೆ ತಾಗುತ್ತದೆಂದು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡೇ ಇದ್ದಳು. ಜನ ಹೋದ ಮೇಲೆ ನಾಗವೇಣಿ ಅತ್ತೆಯ ಗಲ್ಲ ಹಿಡಿದು ಮುಖ ಎತ್ತಿದಳು. ಭೂತಗನ್ನಡಿ ಬೇಕಾಗಲೇ ಇಲ್ಲ. ಎಡಗಣ್ಣಿನ ಕಂದಿನಲ್ಲಿ ಕಪ್ಪಗೆ, ಹಸಿಯಾಗಿ ಒಂದು ಕುಳಿ.

“ಅತ್ತೆ, ಇದು?”

“ನನ್ನದು ಮುದಿಕಣ್ಣು ಮಗಾ, ಸುಳ್ಳು ಹೇಳ್ತದೆ,” ಎಂದಳು ದುರ್ಗಮ್ಮ, ಸೆರಗು ಮತ್ತೆ ಎಳೆದುಕೊಳ್ಳುತ್ತ. “ನಿನ್ನ ಕಣ್ಣೇ ಸರಿ. ಹೋಗು, ಅವನಿಗೂ ಸೇರಿಸಿ ಅಕ್ಕಿ ಹಾಕು.”